ಹುಳಕ್ಕೆ ಮೂರೊತ್ತು, ಐಕ್ಳಿಗೆ ಒಪ್ಪೊತ್ತು

ತಮಟೆ ನಮ್ಮಪ್ಪಂದು. ನಮ್ಮಪ್ಪಂಗೆ ಅವರಪ್ಪಂದು. ಊರೋರಿಗೆ ಏನಾದ್ರೂ ತಿಳೀಬೇಕು ಅಂದ್ರೆ ನಮ್ಮನೆ ಗಂಡಸು ಅದನ್ನ ಬೆಂಕೀಲಿ ಕಾಯಿಸ್ಕಂಡು ಬೀದಿ ಬೀದೀಲಿ ನಿಂತು ಬಡೀಬೇಕು, ಕೂಗ್ಬೇಕು. ಊರಿಗೆಲ್ಲ ಸಾರೋನು ನಾನು. ನನ್ನ ಹಟ್ಟೀಲಿ ಮಾತ್ರ ಸಾರಿಲ್ಲ, ಬರೀ ಹಿಟ್ಟು.

ಕೊಳ್ಳೇಗಾಲ ಆಗ ಮದರಾಸು ಸರ್ಕಾರಕ್ಕೆ ಸೇರಿತ್ತು. ಒಸಿ ದೂರ ನಡೆದ್ರೆ ಯಳಂದೂರು, ಅದು ಮೈಸೂರು ಸೀಮೆ. ನಮ್ಮೂರು ಇತ್ತಗಿನ ಕೊನೆ. ಮದರಾಸಿಂದ ಹೊರಟ ಸರ್ಕಾರ ನಮ್ಮೂರಿಗೆ ಬರೋ ಹೊತ್ಗೆ ಸುಸ್ತಾಗಿರೋದು. ಮಣೇಗಾರ್ರು ಸದಾಶಿವಪ್ಪನ ಜಗಲಿ ಕಂಡೇಟ್ಗೆ ಕೂತ್ಕಬುಡೋದು. ಕೇರಿ ತಂಕ ಇಳೀತಾನೇ ಇರಲಿಲ್ಲ. ಕಂದಾಯ ವಸೂಲಿ ಮಣೇಗಾರ್ರದು. ಹಿಪ್ಪುನೇರಳೆ ತೋಟ ಮಣೇಗಾರ್ರದು. ರೇಷ್ಮೆ ಹುಳ ಸಾಕೋ ಮನೆ ಮಣೇಗಾರ್ರದು. ಇಸ್ಕೂಲು ನಿಂತಿರೋ ಜಾಗನೂ ಮಣೇಗಾರ್ರದೇ.

ಆವತ್ತು ನನ್ನ ಕರೆಸಿ ಜಗಲಿ ಕೆಳಗೆ ನಿಲ್ಲಿಸ್ಕಂಡ್ರು.

"ಲೇ ನಂಜ, ಸಾರ್ಬುಡ್ಲಾ. ಮದರಾಸಿಂದ ಹೊಸ ಕಾನೂನು ಬಂದದೆ. ಇನ್ಮ್ಯಾಲೆ ಇಸ್ಕೂಲು ಒಪ್ಪೊತ್ತು. ಮಿಕ್ಕ ಒಪ್ಪೊತ್ತು ಐಕ್ಳು ಅವರವರ ಅಪ್ಪನ ಕಸುಬು ಕಲೀಬೇಕು."

"ಯಾಕ್ ಬುದ್ದಿ ಹಂಗೆ?"

"ಓದಿದೋರೆಲ್ಲ ಕುರ್ಚಿ ಕೇಳ್ತಾರೆ ಕಣ್ಲಾ. ಅಷ್ಟು ಕುರ್ಚಿ ಎಲ್ಲದೆ?"

ಜಗಲಿ ಮ್ಯಾಲೆ ನೋಡ್ದೆ. ಕುರ್ಚಿಗಳು ಖಾಲಿ ಬಿದ್ದಿದ್ದೋ. ಬೀದಿ ಬೀದೀಲಿ ಬಡ್ಕಂಡು ಬಂದೆ. ಅರೆಹೊಟ್ಟೆ ನಮ್ಗೆ ಗೊತ್ತಿತ್ತು. ಅರೆಬಟ್ಟೆ ಗೊತ್ತಿತ್ತು. ಅರೆವಿದ್ಯೆ ಆವತ್ತಿಂದ ಸುರುವಾಯ್ತು.

ಕುಂಬಾರರ ಹುಡುಗ ಮದ್ಯಾನದ ಮ್ಯಾಲೆ ಮಣ್ಣು ತುಳಿಯಕ್ಕೋದ. ಅಗಸರ ಹುಡುಗ ಬಂಡೆ ತಾವ್ಕೋದ. ಮಣೇಗಾರ್ರ ಮಗ ಷಡಕ್ಷರಿಗೂ ಕಾನೂನು ಕಾನೂನೇ ತಾನೇ? ಅವನೂ ಅಪ್ಪನ ಕಸುಬಿಗೋದ. ಅಪ್ಪನ ಕಸುಬು ಏನಪ್ಪಾ ಅಂದ್ರೆ, ತೋಟದ ಬದಿನ ಮ್ಯಾಲೆ ಕೊಡೆ ಹಿಡ್ಕಂಡು ನಿಂತು ಬೈಯ್ಯೋದು. ಬಲು ಬೇಗ ಕಲ್ತ. ಅಷ್ಟು ಬೇಗ ಅವನು ಮಗ್ಗಿನೂ ಕಲ್ತಿರಲಿಲ್ಲ.

ನಮ್ಮ ಕೇರಿ ಐಕ್ಳ ಸರದಿ ಬಂತು. ರಾಮಲಿಂಗಯ್ಯ ಅಂತ ಮೇಷ್ಟ್ರು, ಕೊಳ್ಳೇಗಾಲದೋರು. ಇಡೀ ಇಸ್ಕೂಲಿಗೆ ಅವರೊಬ್ರೇ. ಬಿಳೀ ಪಂಚೆ, ಕೈಲಿ ಬೆತ್ತ. ನಮ್ಮಣ್ಣನ ಮಗಳು ಮಾದೇವಿನ ನಿಲ್ಲಿಸಿ ಕೇಳಿದ್ರು.

"ನಿಮ್ಮಪ್ಪನ ಕಸುಬು ಏನಮ್ಮೀ?"

"ನಮ್ಮಪ್ಪ ಇಲ್ಲ ಸಾ."

"ಇದ್ದಾಗ ಎಲ್ಲಿ ಗೇಯ್ತಿದ್ದ?"

"ಮಣೇಗಾರ್ರ ತೋಟದಲ್ಲಿ."

"ಹಂಗಾದ್ರೆ ನಿಂದು ರೇಷ್ಮೆ ಕಸುಬು. ಊಟ ಆದ್ಮ್ಯಾಲೆ ಅಲ್ಲಿಗೋಗು."

ನಮ್ಮಣ್ಣ ದೊಡ್ಡಸಿದ್ದಯ್ಯ ಮಣೇಗಾರ್ರ ಹಟ್ಟೀಲಿ ಜೀತಕ್ಕಿದ್ದ. ಅವರ ತೋಟದ ಬಾವಿ ತೋಡುವಾಗ ಮಣ್ಣು ಕುಸೀತು. ಅಣ್ಣ ಒಳಗೇ ಉಳಕಂಡ. ಆ ಬಾವಿ ನೀರೇ ಈಗ ಹಿಪ್ಪುನೇರಳೆ ಗಿಡಕ್ಕೆ ಓಯ್ತದೆ. ಜೀತ ಅನ್ನೋ ಮಾತು ಮೇಷ್ಟ್ರು ಬಾಯಲ್ಲಿ ಬರಲಿಲ್ಲ. ಕಸುಬು ಅಂದ್ರು. ಅಣ್ಣ ಮಾಡಿದ್ರೆ ಜೀತ, ಮಗಳು ಮಾಡಿದ್ರೆ ಪಾಠ. ಕೇರಿ ಐಕ್ಳಿಗೆಲ್ಲ ಅದೇ ಪಾಠ ಸಿಕ್ತು.

ಮಾದೇವಿಗೆ ಓದೋ ಹುಚ್ಚು. ಸಂತೆಯಿಂದ ಬೆಲ್ಲ ಸುತ್ಕಂಡು ಬಂದ ಕಾಗದ ಬುಡ್ತಿರಲಿಲ್ಲ. ಅರ್ಧ ಹರಿದಿರೋದು. ಇರೋದನ್ನ ಓದಿ, "ಚಿಕ್ಕಪ್ಪ, ಮಿಕ್ಕಿದ್ದು ಏನಿತ್ತು?" ಅಂತ ನನ್ನ ಕೇಳೋಳು. ನಂಗೆ ಬೆಲ್ಲ ಗೊತ್ತು, ಕಾಗದ ಏನು ಗೊತ್ತು? ಅತ್ತಿಗೆ ಚಿಕ್ಕತಾಯಮ್ಮಂದು ಒಂದೇ ಮಾತು. "ಐದನೇ ಕ್ಲಾಸು ಮುಗಿಸ್ಲಿ. ಕೊಳ್ಳೇಗಾಲದಲ್ಲಿ ದೊಡ್ಡ ಇಸ್ಕೂಲದೆ, ನಮ್ಮ ಐಕ್ಳಿಗೆ ಹಾಸ್ಟೆಲ್ಲದೆ. ಇವಳು ಐದು ದಾಟಿದ್ರೆ ಈ ತೋಟದ ಬೇಲಿ ದಾಟ್ದಂಗೆ."

ಆ ವರ್ಷ ಮಾದೇವಿ ಐದರಲ್ಲೇ ಇದ್ಲು.

ಸೊಪ್ಪು ಕುಯ್ಯೋದು ಅಂದ್ರೆ ಹೂ ಬುಡಿಸ್ದಂಗಲ್ಲ. ಎಲೆ ಕಿತ್ರೆ ಹಾಲು ಬತ್ತದೆ, ಕೈ ಅಂಟಾಯ್ತದೆ, ಉಗುರುಸಂದು ಕರ್ರಗಾಯ್ತದೆ. ಬುಟ್ಟಿ ತುಂಬಿ ತುಳಿದು ತಲೆ ಮ್ಯಾಲೆ ಹೊತ್ರೆ ಕತ್ತು ಭುಜದೊಳಕ್ಕೆ ಇಳೀತದೆ. ಮಳೆ ಬಂದ್ರೆ ಇನ್ನೂ ಚೆಂದ. ಒದ್ದೆ ಸೊಪ್ಪು ತಿಂದ್ರೆ ಹುಳಕ್ಕೆ ರೋಗ. ಅದ್ಕೆ ಒಂದೊಂದು ಎಲೆನೂ ಬಟ್ಟೇಲಿ ಒರೆಸ್ಬೇಕು. ನಮ್ಮ ಐಕ್ಳು ಮಳೇಲಿ ನೆನ್ಕಂಡು ನಿಂತು ಎಲೆ ಒರೆಸೋವು. ಐಕ್ಳನ್ನ ಒರೆಸೋರು ಯಾರೂ ಇರಲಿಲ್ಲ.

ಬುಟ್ಟಿ ತಕಂಡೋಗಿ ಹುಳದ ಮನೆ ಬಾಗ್ಲಲ್ಲಿ ಇಟ್ಟು ಹಿಂದಕ್ಕೆ ಸರೀಬೇಕು. ಮಣೇಗಾರ್ರ ಹೆಂಡ್ತಿ ಪುಟ್ಟಬಸಮ್ಮ ಬಂದು ಒಳಕ್ಕೆ ತಕಂಡೋಗೋರು. ಕೇರಿಯೋರು ಹೊಸಿಲು ದಾಟಂಗಿಲ್ಲ. ದಾಟಿದ್ರೆ ಹುಳಕ್ಕೆ ಮೈಲಿಗೆ, ಗೂಡು ಕಟ್ಟಲ್ವಂತೆ. ಎಲೆ ನಾವು ಮುಟ್ಟಬೋದು. ಆ ಎಲೆನ ಹುಳ ತಿನ್ನಬೋದು. ಹುಳನ ನಾವು ನೋಡಂಗಿಲ್ಲ. ಮೈಲಿಗೆ ಎಲೆ ಮ್ಯಾಲೆ ಕೂತು ಒಳಕ್ಕೆ ಓಗಲ್ವಾ ಅಂತ ನಾನು ಕೇಳಕ್ಕೋಗ್ಲಿಲ್ಲ. ಬೆನ್ನು ನಂದೇ ತಾನೇ.

ಗೋಡೆಯಿಂದ ಸದ್ದು ಮಾತ್ರ ಕೇಳೋದು. ಸಾವಿರ ಸಾವಿರ ಹುಳ ಒಟ್ಟಿಗೆ ಸೊಪ್ಪು ತಿಂದ್ರೆ ಮಳೆ ಹುಯ್ದಂಗೆ ಸದ್ದು. ಮಾದೇವಿ ಗೋಡೆಗೆ ಕಿವಿ ಕೊಟ್ಟು ನಿಲ್ಲೋಳು.

"ಹುಳ ನೋಡಕ್ಕೆ ಹೆಂಗಿರ್ತವೆ ಚಿಕ್ಕಪ್ಪ?"

"ಮಣೇಗಾರ್ರಂಗೆ. ಬೆಳ್ಳಗೆ, ದಪ್ಪಗೆ, ಬಾಯಿ ಆಡಿಸ್ತಾನೇ ಇರ್ತವೆ."

ಹುಳಕ್ಕೆ ಮೂರೊತ್ತು ಸೊಪ್ಪು. ಐಕ್ಳಿಗೆ ಒಪ್ಪೊತ್ತು ಪಾಠ. ಹುಳ ಪೊರೆ ಬುಡೋದನ್ನ ಜ್ವರ ಅಂತಾರೆ. ಹುಳಕ್ಕೆ ಜ್ವರ ಬಂದ್ರೆ ಸದ್ದು ಮಾಡಂಗಿಲ್ಲ, ಅವು ಮಲಿಕ್ಕಬೇಕು. ನಮ್ಮ ಮಾದೇವಿಗೆ ಜ್ವರ ಬಂದಾಗ ಷಡಕ್ಷರಿ ಬದಿನ ಮ್ಯಾಲಿಂದ ಕೂಗ್ದ. "ಏಯ್, ನಿಂತ್ಕಂಡು ನಡುಗ್ಬ್ಯಾಡ, ಕುಯ್ತಾ ನಡುಗು!"

ಬೆಳಗ್ಗೆ ಒಂದೇ ಇಸ್ಕೂಲಲ್ಲಿ ಕೂರ್ತಿದ್ರು ಇಬ್ರೂವೆ. ಅವನು ಹಲಗೆ ಮ್ಯಾಲೆ, ಇವಳು ಬಾಗ್ಲಾಚೆ ನೆಲದ ಮ್ಯಾಲೆ. ಮದ್ಯಾನದ ಮ್ಯಾಲೆ ಒಂದೇ ತೋಟದಲ್ಲಿ ಇರ್ತಿದ್ರು ಇಬ್ರೂವೆ. ಅವನು ಆಳೋದ ಕಲ್ತ. ಇವಳು ಆಳಾಗೋದ ಕಲ್ತಳು. ಮೇಷ್ಟ್ರು ಊಟ ಆದ್ಮ್ಯಾಲೆ ಬೆತ್ತ ಆಡಿಸ್ಕಂಡು ತೋಟಕ್ಕೆ ಬರೋರು, ಯಾರ್ ಬಂದವ್ರೆ ಯಾರ್ ಬಂದಿಲ್ಲ ನೋಡಕ್ಕೆ. ಬೆಳಗ್ಗೆ ಮೇಷ್ಟ್ರು, ಮದ್ಯಾನದ ಮ್ಯಾಲೆ ಮೇಸ್ತ್ರಿ. ಬೆತ್ತ ಅದೇ.

ಸಂತೆ ದಿನ ಕೊಳ್ಳೇಗಾಲಕ್ಕೋದಾಗ ಈ ಸಂಕಟ ಗುರುಸ್ವಾಮಿ ತಾವ ಹೇಳ್ಕಂಡೆ. ಗುರುಸ್ವಾಮಿ ರೇಷ್ಮೆ ಸೀರೆ ನೇಯೋ ಮಗ್ಗದೋನು. ನೇಕಾರರ ಸಂಘದ ಕೆಂಪು ಬಾವುಟ ಅವನ ಮನೇಲೇ ಇರೋದು. ಮಗ್ಗದ ಗುಂಡೀಲಿ ಕಾಲು ಇಳಿಬುಟ್ಕಂಡು ಲಾಳಿ ಎಸೀತಾ ಮಾತಾಡ್ದ.

"ನಂಜಯ್ಯ, ಸಾಹುಕಾರಂಗೆ ದಿನಾ ಬೆಳಗಾದ್ರೆ ಆಳು ಬೇಕು. ಆಳು ಗಿಡದಲ್ಲಿ ಬುಡ್ತದಾ? ತಯಾರು ಮಾಡ್ಬೇಕು. ಅದ್ಕೆ ಒಂದು ಕಾರ್ಖಾನೆ. ಅದ್ಕೆ ಇಸ್ಕೂಲು ಅಂತ ಬೋರ್ಡು ಹಾಕವ್ರೆ."

"ಕಾರ್ಖಾನೇಲಿ ಅಕ್ಸರ ಯಾಕೆ ಕಲಿಸ್ತಾರೆ ಹಂಗಾದ್ರೆ?"

"ಹೆಬ್ಬೆಟ್ಟು ಎಲ್ಲಿ ಒತ್ಬೇಕು ಅಂತ ತಿಳೀಬೇಕಲ್ಲ! ಬಗ್ಗಿ ಕೂರೋದು, ಗಂಟೆ ಹೊಡೆದ್ರೆ ಏಳೋದು, ಸಾ ಅನ್ನೋದು. ಅದೇ ದೊಡ್ಡ ಪಾಠ. ಮಿಕ್ಕಿದ್ದೆಲ್ಲ ಒಗ್ಗರಣೆ."

ನಾನು ನಕ್ಕೆ. ಅವನು ನಗಲಿಲ್ಲ.

"ನಿಮ್ಮೂರ ಮೇಷ್ಟ್ರು ರಾಮಲಿಂಗಯ್ಯ ಇದೇ ಬೀದಿಯೋನು ಕಣಯ್ಯ. ಅಗೋ, ಆ ಮನೆ. ಅವರಪ್ಪ ಇಂಥದ್ದೇ ಗುಂಡೀಲಿ ಕೂತು ಕಣ್ಣು ಕಳ್ಕಂಡ. ಮಗನ್ನ ಮಾತ್ರ ಗುಂಡಿಗೆ ಇಳಿಸ್ಲಿಲ್ಲ. ಲಾಳಿ ಮುಟ್ಟಿದ್ರೆ ಕೈ ಮುರೀತೀನಿ ಅಂತ ಬೆನ್ನಿಗೆ ಹೊಡೆದು ಇಸ್ಕೂಲಿಗೆ ಅಟ್ಟಿದ."

ಇದನ್ನ ಬಂದು ಅತ್ತಿಗೆಗೆ ಹೇಳ್ದೆ. ಅವಳು ಹಿಟ್ಟು ತೊಳಸ್ತಾ ಕೂತ್ಳು. ಕೋಲು ಮಾತ್ರ ಜೋರಾಗಿ ತಿರುಗ್ತಿತ್ತು.

ಹೊಸ ಕಾನೂನು ಹೆಂಗ್ ನಡೀತದೆ ಅಂತ ನೋಡಕ್ಕೆ ಇನ್ಸ್‌ಪೆಕ್ಟ್ರು ಬಂದ್ರು. ತಮಿಳಿನೋರು. ಕೋಟು, ಟೋಪಿ, ಬೆವರು. ಊರ ಬಾಗ್ಲಲ್ಲಿ ತಮಟೆ ಬಡೀಲಾ ಅಂದ್ರು, ಬಡ್ದೆ. ಮಣೇಗಾರ್ರು ಅವರನ್ನ ನೆಟ್ಟಗೆ ಹುಳದ ಮನೆ ಮುಂದಕ್ಕೆ ಕರ್ಕಂಡೋದ್ರು. ಐಕ್ಳು ಬುಟ್ಟಿ ಇಟ್ಕಂಡು ಸಾಲಾಗಿ ನಿಂತಿದ್ದೋ. ಏನು ಕೇಳಿದ್ರೂ "ರೇಷ್ಮೆ ಕಸುಬು ಕಲೀತಾ ಇದ್ದೀವಿ ಸಾ" ಅನ್ಬೇಕು ಅಂತ ಮೇಷ್ಟ್ರು ಉರು ಹೊಡೆಸಿದ್ರು.

ಇನ್ಸ್‌ಪೆಕ್ಟ್ರು ಮಾದೇವಿ ಮುಂದೆ ನಿಂತ್ರು. "ಏನು ಕಲೀತಾ ಇದ್ದೀ ಪಾಪಾ?"

"ರೇಷ್ಮೆ ಕಸುಬು ಕಲೀತಾ ಇದ್ದೀವಿ ಸಾ."

"ರೊಂಬ ನಲ್ಲದು! ಸರಿ, ಹೇಳು ನೋಡೋಣ. ಹುಳ ಎಷ್ಟು ಸಲ ಪೊರೆ ಬಿಡ್ತದೆ?"

ಉರು ಹೊಡೆದಿದ್ರಲ್ಲಿ ಅದು ಇರಲಿಲ್ಲ. ಮಾದೇವಿ ಮೇಷ್ಟ್ರ ಮಕ ನೋಡಿದ್ಲು. ಆಮ್ಯಾಕೆ ಇನ್ಸ್‌ಪೆಕ್ಟ್ರ ಮಕ ನೋಡಿದ್ಲು.

"ಗೊತ್ತಿಲ್ಲ ಸಾ. ನಾನು ಹುಳ ನೋಡೇ ಇಲ್ಲ."

"ನೋಡಿಲ್ವಾ? ಆರು ತಿಂಗಳಿಂದ ಕಲೀತಾ ಇದ್ದೀ ಅಂದ್ರು?"

"ನಮ್ಮುನ್ನ ಒಳಕ್ಕೆ ಬುಡಲ್ಲ ಸಾ. ಸದ್ದು ಕೇಳಿದ್ದೀನಿ. ನೀವು ಹೇಳಿದ್ರೆ ಬುಡ್ತಾರೆ. ಒಂದೇ ಒಂದು ಕಿತ ನೋಡ್ತೀನಿ ಸಾ."

ಅಷ್ಟು ಹೇಳಿ ಬುಟ್ಟಿ ಕೆಳಗಿಟ್ಟು ಹೊಸಿಲ ಕಡೆ ಒಂದು ಹೆಜ್ಜೆ ಇಟ್ಳು.

ಪುಟ್ಟಬಸಮ್ಮ ಒಳಗಿಂದ ಕಿಟಾರನೆ ಕಿರುಚಿದ್ರು. ಮಣೇಗಾರ್ರು ಕೈ ಎತ್ತಿದ್ರು. ಇನ್ಸ್‌ಪೆಕ್ಟ್ರು ಹೊಸಿಲು ನೋಡಿದ್ರು, ಮಗು ನೋಡಿದ್ರು, ಗಡಿಯಾರ ನೋಡಿದ್ರು. ಅವರಿಗೆ ಎಲ್ಲ ಗೊತ್ತಾಯ್ತು. ಗೊತ್ತಾಗಿದ್ದು ಅವರ ಮಕದಲ್ಲಿ ಒಂದು ಗಳಿಗೆ ನಿಂತಿತ್ತು, ನಾನೇ ಕಂಡೆ. ಆಮ್ಯಾಕೆ ಕರ್ಚೀಪು ತಕಂಡು ಬೆವರು ಒರೆಸ್ಕಂಡ್ರು. ಅದೂ ಒರೆಸೋಯ್ತು.

"ಸರಿ ಸರಿ. ಎಲ್ಲಾ ನಿಧಾನವಾ ಆಯ್ತದೆ," ಅಂದ್ರು.

ಮಣೇಗಾರ್ರ ಮನೇಲಿ ಎಲೆ ಹಾಕಿತ್ತು. ಒಬ್ಬಟ್ಟು. ಉಂಡು ಗಾಡಿ ಹತ್ತುದ್ರು.

ಗಾಡಿ ದೂಳು ಇನ್ನೂ ಇಳಿದಿರಲಿಲ್ಲ. ಮೇಷ್ಟ್ರು ಮಾದೇವಿ ಕೈ ಚಾಚಿಸಿದ್ರು. ಬೆತ್ತ ಬಿತ್ತು. ಸೊಪ್ಪಿನ ಹಾಲು ಅಂಟಿದ ಕೈ. ಬೆತ್ತನೂ ಅಂಟ್ಕಂಡು ಎದ್ದು ಬರೋದು. ಬೆರಳ ಗಿಣ್ಣು ಒಡೀತು. ಅವಳು ಅಳಲಿಲ್ಲ. ಷಡಕ್ಷರಿ ಬದಿನ ಮ್ಯಾಲೆ ನಿಂತು ನೋಡ್ದ. ಅವನಿಗೆ ಅದೂ ಪಾಠವೇ.

ಮಣೇಗಾರ್ರು ಜಗಲಿಯಿಂದ್ಲೇ ತೀರ್ಪು ಕೊಟ್ರು. "ಇವಳಿಗೆ ಬೆಳಗ್ಗೆ ಇಸ್ಕೂಲೂ ಬ್ಯಾಡ ಕಣ್ರಿ ಮೇಷ್ಟ್ರೇ. ಬಾಯಿ ಬಲಿತದೆ. ಇಡೀ ಹೊತ್ತು ಸೊಪ್ಪು ಕುಯ್ಲಿ."

ಮೇಷ್ಟ್ರು ತಲೆ ಆಡಿಸಿದ್ರು. ಅಲ್ಲಿಗೆ ಐದನೇ ಕ್ಲಾಸು ಓಯ್ತು. ಕೊಳ್ಳೇಗಾಲ ಓಯ್ತು. ಬೇಲಿ ಉಳೀತು.

ಆ ಸಂಜೆ ಅತ್ತಿಗೆ ಮಗಳ ಕೈಗೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿದ್ಲು. ಎದ್ದು ಕೇರಿ ನಡುಕ್ಕೆ ಬಂದು ನಿಂತ್ಳು. ಕೂಗಾಡಲಿಲ್ಲ.

"ಹುಳ ನಾಲ್ಕನೇ ಜ್ವರ ಎದ್ದವೆ. ಇನ್ನು ಗೂಡು ಕಟ್ಟೋ ತಂಕ ಬಕಾಸುರನಂಗೆ ತಿಂತವೆ. ನಾಳೆಯಿಂದ ಈ ಕೇರಿ ಕೈ ಒಂದು ಎಲೆ ಕೀಳಂಗಿಲ್ಲ. ನನ್ನ ಮಗಳನ್ನ ಇಸ್ಕೂಲಿಗೆ ಸೇರಿಸ್ಕಳೋ ತಂಕ. ಇಡೀ ಹೊತ್ತು ಪಾಠ ಹೇಳೋ ತಂಕ. ಯಾರ್‌ಗಾದ್ರೂ ಭಯ ಆದ್ರೆ ಈಗ್ಲೇ ಹೇಳ್ರಿ."

ಭಯ ಎಲ್ಲಾರ್ಗೂ ಇತ್ತು. ಹೇಳಕ್ಕೂ ಭಯ. ಅದ್ಕೆ ಯಾರೂ ಹೇಳಲಿಲ್ಲ.

ಬೆಳಗಾಯ್ತು. ತೋಟಕ್ಕೆ ಒಂದು ಬುಟ್ಟಿನೂ ಓಗಲಿಲ್ಲ. ಮಣೇಗಾರ್ರು ಕೇರಿ ಎಲ್ಲೆ ತಂಕ ಬಂದು ಅಲ್ಲೇ ನಿಂತು ಒದರಿದ್ರು. ಬೈದ್ರು. ನಮ್ಮ ಹೆಂಗಸ್ರ ಹೆಸರಿಡಿದು ಬೈದ್ರು. ಕೇರಿ ಒಳಕ್ಕೆ ಕಾಲಿಡಲಿಲ್ಲ, ಅವರಿಗೂ ಮೈಲಿಗೆ. ನಮ್ಮನ್ನ ದೂರ ಇಟ್ಟಿದ್ದ ಗೆರೆ ಅವತ್ತೊಂದಿನ ಅವರನ್ನ ದೂರ ಇಟ್ಟಿತ್ತು. ನಾವು ಅವರ ಮಾತಿಗೂ ಸೊಪ್ಪು ಹಾಕಲಿಲ್ಲ, ಅವರ ಹುಳಕ್ಕೂ ಸೊಪ್ಪು ಹಾಕಲಿಲ್ಲ.

ಬಿಸಿಲೇರಿದ ಮ್ಯಾಲೆ ಮೇಷ್ಟ್ರನ್ನ ಕಳಿಸಿದ್ರು. ಮೇಷ್ಟ್ರು ಪಂಚೆ ಎತ್ತಿ ಹಿಡ್ಕಂಡು ಕೇರಿಗೆ ಬಂದ್ರು. ನಮ್ಮೂರಿಗೆ ಬಂದ ಮ್ಯಾಲೆ ಅದೇ ಮೊದಲು. ಬೆತ್ತ ತಂದಿರಲಿಲ್ಲ.

"ಚಿಕ್ಕತಾಯಮ್ಮ, ಹುಳ ಸಾಯ್ತವೆ. ಪಾಪ ಕಣಮ್ಮ."

"ಕೂತ್ಕಳಿ ಸಾ."

ಅವರು ಕೂರಲಿಲ್ಲ.

"ಕಾನೂನು ನಾನು ಮಾಡಿದ್ದಲ್ಲ. ಅಪ್ಪನ ಕಸುಬು ಮಕ್ಕಳು ಕಲಿತ್ರೆ ತಪ್ಪೇನು?"

"ತಪ್ಪಿಲ್ಲ ಸಾ. ನಿಮ್ಮಪ್ಪನ ಕಸುಬು ಏನು?"

ಮೇಷ್ಟ್ರು ತಮ್ಮ ಕೈ ನೋಡ್ಕಂಡ್ರು.

"ಮಗ್ಗ ಅಲ್ವಾ? ಈಗ ಒಪ್ಪೊತ್ತಾಯ್ತು. ನೀವ್ಯಾಕೆ ಇನ್ನೂ ಗುಂಡಿಗೆ ಇಳ್ದಿಲ್ಲ?"

"ನಾನು ಓದಿದೋನು ಕಣಮ್ಮ."

"ಯಾರು ಓದ್ಸುದ್ರು? ಸರ್ಕಾರನಾ? ನಿಮ್ಮಪ್ಪ ತಾನೇ? ಕಣ್ಣು ಕಳ್ಕಂಡು ಓದ್ಸುದ್ರು. ಅವರು ಹಾಕುಸ್ಲಿಲ್ಲ ನಿಮ್ಮ ಕೈಗೆ ಲಾಳಿ. ನೀವು ನನ್ನ ಮಗಳ ಕೈಗೆ ಬುಟ್ಟಿ ಹಾಕುಸುದ್ರಿ. ಆಮ್ಯಾಕೆ ಕೈನೇ ಒಡುದ್ರಿ. ನೀವೂ ನಾವೂ ಒಂದೇ ಗುಂಡೀಲಿ ಇದ್ದೋರು ಸಾ. ನೀವು ಮ್ಯಾಕೆ ಬಂದ್ರಿ. ಬಂದು ಏಣಿ ಎಳ್ಕಬುಟ್ರಿ."

ಮಾದೇವಿ ಬಾಗ್ಲಲ್ಲಿ ಕೂತಿದ್ಲು, ಕೈಗೆ ಬಟ್ಟೆ. ಮೇಷ್ಟ್ರು ಅವಳ ಕಡೆ ನೋಡಿದ್ರು. ನೋಡಬಾರ್ದಿತ್ತು ಅನ್ನಂಗೆ ತಿರುಗಿದ್ರು. ಬಂದ ದಾರಿ ಹಿಡಿದ್ರು. ಈ ಸಲ ಪಂಚೆ ಎತ್ತಿ ಹಿಡೀಲಿಲ್ಲ, ದೂಳಲ್ಲೇ ಎಳ್ಕಂಡೋಯ್ತು.

ಮದ್ಯಾನದ ಮ್ಯಾಲೆ ನನಗೆ ಕರೆ ಬಂತು. ಮಣೇಗಾರ್ರು ಜಗಲಿ ಮ್ಯಾಲೆ ಅತ್ತಿಂದಿತ್ತ ಓಡಾಡ್ತಿದ್ರು. ಹಿಂದುಗಡೆ ಹುಳದ ಮನೆ ಸದ್ದು ಸಣ್ಣಗಾಗಿತ್ತು.

"ಲೇ ನಂಜ, ಸಾರು. ಕೇರಿ ಐಕ್ಳಿಗೆ ಇಸ್ಕೂಲು ಬಂದ್. ಕೇರಿಯೋರ್ಗೆ ಊರಲ್ಲಿ ಗೇಮೆ ಬಂದ್, ಕೆರೆ ನೀರು ಬಂದ್. ಸೊಪ್ಪು ಬರೋಗಂಟ. ಓಗು, ಬಡಿ."

"ಆಯ್ತು ಬುದ್ದಿ."

ತಮಟೆ ಕಾಯಿಸ್ದೆ. ನಮ್ಮಪ್ಪ, ಅವರಪ್ಪ, ಮೇಲಿನೋರು ಕೊಟ್ಟ ಮಾತನ್ನೇ ಕೂಗಿ ಕೂಗಿ ಸತ್ರು. ತಮಟೆ ನಮ್ಮದು, ಬಾಯಿ ನಮ್ಮದು, ಮಾತು ಮಾತ್ರ ಜಗಲಿಯೋರದು. ಊರ ನಡುಕ್ಕೆ ಓಗಿ ನಿಂತೆ. ಬಡ್ದೆ. ಜನ ಬಾಗ್ಲಿಗೆ ಬಂದ್ರು.

"ಕೇಳ್ರಪ್ಪೋ ಕೇಳಿ! ಮಣೇಗಾರ್ರ ಹುಳ ಹಸ್ಕಂಡವೆ! ಕಾನೂನು ಪ್ರಕಾರ ಇದು ಅಪ್ಪನ ಕಸುಬು ಕಲಿಯೋ ಹೊತ್ತು! ಹುಳ ಯಾರ ಅಪ್ಪಂದು? ಷಡಕ್ಷರಿ ಅಪ್ಪಂದು! ಷಡಕ್ಷರಪ್ಪನೋರು ಕೊಡೆ ಇಟ್ಟು ಬುಟ್ಟಿ ಎತ್ಕಂಡು ತೋಟಕ್ಕೆ ಬರಬೇಕಂತಪ್ಪೋ!"

ಒಬ್ಬ ಕುಂಬಾರ ಮುದುಕ ಗೊಳ್ಳನೆ ನಕ್ಬುಟ್ಟ. ಆಮ್ಯಾಕೆ ಬಾಯಿ ಮುಚ್ಕಂಡ. ಸಾಕಾಗಿತ್ತು. ಊರೆಲ್ಲ ಕೇಳಿತ್ತು.

ಮಣೇಗಾರ್ರ ಕಡೆಯೋರು ನನ್ನ ಕಂಬಕ್ಕೆ ಕಟ್ಟಿದ್ರು. ಹೊಡೆದ್ರು. ಹುಣಸೆ ಬರಲು. ತಮಟೆಗೆ ಕುಡ್ಲು ಇಳಿಸಿ ಚರ್ಮ ಸೀಳಿದ್ರು. ತಮಟೆ ಚರ್ಮ ಯಾವುದು, ನಂದು ಯಾವುದು ಅಂತ ಆಮ್ಯಾಕೆ ಗೊತ್ತಾಗಲಿಲ್ಲ. ಎರಡೂ ಬಡಿಸ್ಕಳೋ ಚರ್ಮವೇ.

ಕಂಬದಿಂದ್ಲೇ ನೋಡ್ದೆ. ಮಳೆ ಹಿಡ್ಕಂಡಿತ್ತು. ಷಡಕ್ಷರಿ, ಅವರಮ್ಮ, ನೆಂಟ್ರು, ಎಲ್ಲಾರೂ ತೋಟದಲ್ಲಿದ್ರು. ಸೊಪ್ಪು ಕಿತ್ತು ಕಿತ್ತು ತುಂಬ್ತಿದ್ರು. ಎಲೆ ಒರೆಸ್ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಅಷ್ಟನ್ನೂ ಒರೆಸೋ ಕೈ ಇರಲಿಲ್ಲ. ಹಸಿದ ಹುಳಕ್ಕೆ ಒದ್ದೆ ಸೊಪ್ಪು ಸುರಿದ್ರು.

ಗೂಡು ಕಟ್ಟೋ ಮೊದ್ಲೇ ಹುಳದ ಮನೆ ಸದ್ದು ನಿಂತೋಯ್ತು. ಸತ್ತ ಹುಳನ ಮಂಕ್ರೀಲಿ ತಂದು ತಿಪ್ಪೆಗೆ ಸುರಿದ್ರು. ಮಾದೇವಿ ಓಗಿ ನೋಡಿದ್ಲು. ಮೊದಲನೇ ಸಲ ನೋಡಿದ್ದು. ಬೆಳ್ಳಗಿರಲಿಲ್ಲ, ಕಪ್ಪಾಗಿದ್ದೋ. "ಇಷ್ಟೇನಾ ಚಿಕ್ಕಪ್ಪ?" ಅಂದ್ಲು.

ನಾವು ಗೆದ್ವಾ ಅಂತ ಯಾರಾದ್ರೂ ಕೇಳಿದ್ರೆ ನಂಗೆ ಕ್ವಾಪ ಬತ್ತದೆ. ಕೇರಿಗೆ ಕೆರೆ ನೀರು ನಿಂತೋಗಿತ್ತು. ಹೆಂಗಸ್ರು ಯಳಂದೂರು ದಿಕ್ಕಿನ ಹೊಳೆ ತಂಕ ಕೊಡ ಹೊರ್ತಿದ್ರು. ಗಂಡಸ್ರು ಕೂಲಿಗೆ ಹನೂರು ಕಡೆ ಗುಳೆ ಓದ್ರು. ಇಸ್ಕೂಲು ಬಾಗ್ಲಿಗೆ ಮಣೇಗಾರ್ರು ರಾಮಲಿಂಗಯ್ಯ ಮೇಷ್ಟ್ರ ಕೈಲೇ ಬೀಗ ಹಾಕ್ಸಿದ್ರು. ಊರೈಕ್ಳಿಗೆ ಅವರ ಮನೆ ಪಡಸಾಲೇಲೇ ಪಾಠ ಸುರುವಾಯ್ತು, ಕೇರಿಯಿಂದ ಬರಿಗೈಲಿ ಬಂದ ರಾಮಲಿಂಗಯ್ಯನ್ನ ಬುಟ್ಟು ಬೇರೆ ಮೇಷ್ಟ್ರಿಂದ. ಸರ್ಕಾರ? ಅದು ಸುಸ್ತಾಗಿ ಇನ್ನೂ ಜಗಲಿ ಮ್ಯಾಲೇ ಕೂತಿತ್ತು.

ಬೀಗ ಬಿದ್ದ ಮಾರನೇ ದಿನ ಅತ್ತಿಗೆ ಕೇರಿ ಐಕ್ಳನ್ನೆಲ್ಲ ಕರ್ಕಂಡೋಗಿ ಇಸ್ಕೂಲು ಮುಂದೆ ಕೂರಿಸಿದ್ಲು. ರಾಮಲಿಂಗಯ್ಯ ಮೇಷ್ಟ್ರು ಬಂದ್ರು. ಬೀಗದ ಕೈ ಸೊಂಟದಲ್ಲಿತ್ತು, ಎಲ್ಲಾರ್ಗೂ ಕಾಣ್ತಿತ್ತು. ತೆಗೀತಾರೆ ಅಂತ ಐಕ್ಳು ಎದ್ದು ನಿಂತ್ಕಂಡೋ. ಮೇಷ್ಟ್ರು ಬೀಗ ಮುಟ್ಟುದ್ರು. ಬೀದಿ ಕಡೆ ನೋಡುದ್ರು. ಕೈ ಬುಟ್ರು. ಇಸ್ಕೂಲು ಜಗಲಿ ಮ್ಯಾಲೆ ಕೂತ್ಕಬುಟ್ರು. ತೆಗೀಲೂ ಇಲ್ಲ, ಎದ್ದೂ ಓಗಲಿಲ್ಲ.

ಐಕ್ಳೂ ಏಳಲಿಲ್ಲ. ಬಿಸಿಲು ನೆತ್ತಿಗೆ ಬಂತು, ತೋಟಕ್ಕೋಗೋ ಹೊತ್ತಾಯ್ತು. ಅಭ್ಯಾಸದ ಮ್ಯಾಲೆ ಸಣ್ಣವು ಒಂದೆರಡು ಎದ್ದೋ. ಮಾದೇವಿ ಅವನ್ನ ಲಂಗ ಹಿಡಿದು ಕೂರಿಸಿದ್ಲು. ನೆರಳು ತಿರುಗ್ತು. ಮೇಷ್ಟ್ರು ಅಲ್ಲೇ, ಐಕ್ಳು ಅಲ್ಲೇ, ನಡೂಲಿ ಬೀಗ.

ನಾನು ಬೆನ್ನು ಊರಕ್ಕಾಗದೆ ಬೇವಿನ ಮರ ತಬ್ಕಂಡು ನಿಂತಿದ್ದೆ. ಮಾದೇವಿ ನನ್ನ ಕಡೆ ತಿರುಗಿದ್ಲು. ಮಕ ಬಾಡಿತ್ತು. ಹೊಟ್ಟೇಲಿ ಏನೂ ಇರಲಿಲ್ಲ.

"ಚಿಕ್ಕಪ್ಪ," ಅಂದ್ಲು, ಮೇಷ್ಟ್ರಿಗೆ ಕೇಳೋ ಹಂಗೆ, "ಇವತ್ತು ಇಡೀ ಹೊತ್ತು ಇಸ್ಕೂಲು."